ಹೊಸ್ತಿಲಿಗಿಂತ ಎತ್ತರದ ರಸ್ತೆ

ಕಲಬುರಗಿಯ ರೋಜಾ ಮೊಹಲ್ಲಾದ ಗಲ್ಲಿಯೊಂದರಲ್ಲಿ ನನಗೆ ಬೇಕಾದವರ ಮನೆಯಿದೆ. ಮೊದಲ ಸಲ ಹೋದಾಗ ಮೂರು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಿದ್ದೆ. ನಮ್ಮ ಕಡೆಯ ಶಹಾಬಾದಿ ಪರಸಿಯ ಮೆಟ್ಟಿಲು, ನಡುವೆ ಸವೆದು ನುಣುಪಾಗಿದ್ದವು. ಆಮೇಲೆ ಗಲ್ಲಿಗೆ ಡಾಂಬರು ಬಿತ್ತು, ಒಂದು ಮೆಟ್ಟಿಲು ಹೋಯಿತು. ಸಿಸಿ ರಸ್ತೆ ಬಂತು, ಇನ್ನೊಂದು ಹೋಯಿತು. ಗಟಾರಕ್ಕೆಂದು ಅಗೆದು, ಮುಚ್ಚಿ, ಮೇಲೆ ಮತ್ತೆ ಕಾಂಕ್ರೀಟ್ ಸುರಿದಾಗ ಮೂರನೆಯದೂ ಹೂತುಹೋಯಿತು. ಈಗ ಆ ಮನೆಗೆ ಹತ್ತಿ ಹೋಗುವುದಿಲ್ಲ, ಇಳಿದು ಹೋಗುತ್ತೇವೆ. ಮಳೆಗಾಲದಲ್ಲಿ ಹೊಸ್ತಿಲ ಮುಂದೆ ಮರಳು ತುಂಬಿದ ಗೋಣಿಚೀಲ ಅಡ್ಡ ಮಲಗಿರುತ್ತದೆ. ಮನೆಯ ಚಾಚಾ ಅದನ್ನು ತೋರಿಸಿ ನಗುತ್ತಾರೆ: “ನಮ್ಮನಿ ಕೆಳಗ ಹೋಗಿಲ್ರಿ. ರೋಡೇ ಬೆಳದಾದ.”

ಹಳೆಯದನ್ನು ಕೆತ್ತಿ ತೆಗೆದು ಹೊಸದು ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲ. ಅದೇನು ಎಂಜಿನಿಯರುಗಳಿಗೆ ಮಾತ್ರ ತಿಳಿದ ಗುಟ್ಟಲ್ಲ. ನೀರು ಯಾವ ಮೂಲೆಯಿಂದ ಇಳಿದು ಯಾರ ಬಾಗಿಲ ಮುಂದೆ ನಿಲ್ಲುತ್ತದೆ ಎಂಬುದು ಬೆಳಗಾದರೆ ಅಂಗಳಕ್ಕೆ ನೀರು ಹಾಕುವ ಹೆಂಗಸರಿಗೆಲ್ಲ ಗೊತ್ತು. ಕೆಲಸ ಶುರುವಾಗುವ ಮೊದಲು ನಿಮ್ಮನ್ನು ಯಾರಾದರೂ ಕೇಳಿದ್ದರೇ ಎಂದೆ. ಚಾಚಾ ತಡಮಾಡಲಿಲ್ಲ. “ಕೇಳ್ಯಾರಲ್ರಿ! ‘ಗಾಡಿ ಬಾಜೂಕ್ಕ ತಗೀರಿ, ಮಿಕ್ಸರ್ ಬರ್ತದ’ ಅಂತ ಕೇಳ್ಯಾರ.”

ನಮ್ಮ ನಗರಗಳಲ್ಲಿ ನಾಗರಿಕರ ಸಹಭಾಗಿತ್ವ ಎನ್ನುವುದು ಬಹುತೇಕ ಇಷ್ಟೇ. ಗಾಡಿ ಬದಿಗೆ ತೆಗೆಯುವುದು, ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವುದು. ನಡುವಿನ ದಿನಗಳಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಬೈಯುವುದು.

ಆದರೆ ರೋಜಾದವರಿಗೆ ಕೂಡಿ ಕೆಲಸ ಮಾಡಲು ಬರುವುದಿಲ್ಲ ಎನ್ನುವವರು ಉರುಸಿನ ದಿನಗಳಲ್ಲಿ ಅಲ್ಲಿಗೆ ಬರಬೇಕು. (ಹೆಸರು ಕೇಳಿ ಗುಲಾಬಿ ಹೂವೆಂದುಕೊಳ್ಳುವವರಿದ್ದಾರೆ. ಇದು ರೌಜಾ, ಅಂದರೆ ಗೋರಿ.) 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ದರ್ಗಾದ ಸುತ್ತ ಬೆಳೆದ ಮೊಹಲ್ಲಾ ಇದು. ಜಿಲ್ಕಾದ್ ತಿಂಗಳಲ್ಲಿ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಸಂದಲ್ ಮೆರವಣಿಗೆ ಹೊರಟರೆ ದೂರದೂರದ ಊರುಗಳಿಂದ ಬಂದ ಜನ ಈ ಇಕ್ಕಟ್ಟು ಗಲ್ಲಿಗಳಲ್ಲಿ ತುಂಬಿಕೊಳ್ಳುತ್ತಾರೆ. ಯಾವ ಗಲ್ಲಿಗೆ ಗಾಡಿ ಬಿಡಬಾರದು, ಕುಡಿಯುವ ನೀರಿನ ಪೀಪಾಯಿ ಎಲ್ಲಿಡಬೇಕು, ದೂರದಿಂದ ಬಂದ ಸಂಸಾರವನ್ನು ಯಾರ ಮನೆಯ ಮಾಳಿಗೆ ಮೇಲೆ ಮಲಗಿಸಬೇಕು, ಎಲ್ಲ ಮಾತಾಡಿಕೊಂಡೇ ಆಗುತ್ತದೆ. ಹೋಳಿಯ ನಂತರ ಶರಣಬಸವೇಶ್ವರರ ಜಾತ್ರೆಯಲ್ಲೂ ಹಾಗೆಯೇ. ರೊಟ್ಟಿ ಬಡಿಯುವವರು ಯಾರು, ಬಡಿಸುವವರು ಯಾರು ಎಂದು ಸುತ್ತೋಲೆ ಹೊರಡಿಸಿದವರಿಲ್ಲ. ಇಂಥ ಜನರ ಬಗ್ಗೆ ವೇದಿಕೆ ಹತ್ತಿದವರು “ಸಾರ್ವಜನಿಕರಲ್ಲಿ ಕಾಳಜಿಯಿಲ್ಲ” ಎಂದು ಮರುಗುವುದು ಕೇಳಿದರೆ ಸಿಟ್ಟು ಬರುತ್ತದೆ. ಅದೇ ವೇದಿಕೆಯಲ್ಲಿ ಅನುಭವ ಮಂಟಪದ ಹೆಸರೂ ಬಂದು ಹೋಗುತ್ತದೆ. ಬಸವಕಲ್ಯಾಣ ಪಕ್ಕದ ಜಿಲ್ಲೆಯಲ್ಲೇ ಇರುವುದರಿಂದ ಆ ಹೆಸರಿಲ್ಲದೆ ನಮ್ಮಲ್ಲಿ ಭಾಷಣ ಮುಗಿಯುವುದಿಲ್ಲ. ಭಾಷಣ ಮುಗಿದ ಮೇಲೆ ಗಟಾರದ ನಕ್ಷೆ ಮಾತ್ರ ಬೇರೆಲ್ಲೋ ತಯಾರಾಗುತ್ತದೆ.

ಕಾನೂನು ಇಲ್ಲವೆಂದಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದೇ ಜಾರಿಗೆ ಬಂತು. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಅದರ 243ಎಸ್ ವಿಧಿ ಹೇಳುತ್ತದೆ. 2011ರಲ್ಲಿ ಕರ್ನಾಟಕದ ಮಹಾನಗರ ಪಾಲಿಕೆಗಳ ಕಾಯ್ದೆಗೆ ತಿದ್ದುಪಡಿಯಾಗಿ, ಒಂದೊಂದು ವಾರ್ಡಿಗೂ ಒಂದೊಂದು ಸಮಿತಿ ಎಂದಾಯಿತು. ಕಾರ್ಪೊರೇಟರ್ ಅಧ್ಯಕ್ಷರು, ಅವರ ಜೊತೆ ಹತ್ತು ಜನ. ಅವರಲ್ಲಿ ಮೂವರಾದರೂ ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಕಲಬುರಗಿಯಲ್ಲಿ 55 ವಾರ್ಡುಗಳಿವೆ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಐದೂಕಾಲು ಲಕ್ಷ ದಾಟಿತ್ತು, ಅಂದರೆ ವಾರ್ಡಿಗೆ ಹತ್ತು ಸಾವಿರದ ಹತ್ತಿರ. ಈ ಹತ್ತು ಸಾವಿರದಲ್ಲಿ ನೀವೂ ಒಬ್ಬರಾಗಿದ್ದರೆ, ನಿಮ್ಮ ವಾರ್ಡಿನ ಸಮಿತಿಯ ಒಬ್ಬರ ಹೆಸರು ಹೇಳಿ ನೋಡೋಣ. ಒಂದೇ ಹೆಸರು ಸಾಕು.

ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಈ ಸಮಿತಿಗಳಿಗಾಗಿ ಜನ ಹೈಕೋರ್ಟಿನವರೆಗೆ ಹೋಗಬೇಕಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಇವತ್ತು ಸಮಿತಿಯಲ್ಲಿ ಕೂತು ಲೆಕ್ಕ ಕೇಳುವವರು ನಾಳೆ ಚುನಾವಣೆಗೆ ನಿಂತಾರೆಂಬ ಅಂಜಿಕೆ ಇದ್ದೇ ಇರುತ್ತದೆ. ಹತ್ತು ಜನರನ್ನು ಪಾಲಿಕೆಯೇ ನೇಮಿಸುವುದರಿಂದ ಸಮಿತಿ ರಚನೆಯಾದಲ್ಲೂ ತಮ್ಮವರನ್ನೇ ತುಂಬಿಕೊಳ್ಳುವ ದಾರಿ ತೆರೆದಿದೆ. ಕಾನೂನಿನಲ್ಲಿ ನನಗೆ ಕಾಣುವ ದೊಡ್ಡ ತೂತು ಇದೇ. ಇನ್ನು ಚುನಾಯಿತರ ಮಾತೇ ತೆಗೆದುಕೊಳ್ಳಿ. ಕಲಬುರಗಿಯಲ್ಲಿ 2021ರ ಸೆಪ್ಟೆಂಬರಿನಲ್ಲಿ ಮತದಾನವಾಗಿ ಫಲಿತಾಂಶ ಬಂದರೂ ಮೇಯರ್ ಕುರ್ಚಿ ತುಂಬಿದ್ದು 2023ರ ಮಾರ್ಚಿನಲ್ಲಿ. ಗೆದ್ದವರೇ ಒಂದೂವರೆ ವರ್ಷ ಬಾಗಿಲು ಕಾದ ಊರಿನಲ್ಲಿ ಗಲ್ಲಿಯವರ ಸರದಿ ಯಾವಾಗ ಬರಬೇಕು?

ಹಳ್ಳಿಯ ಲೆಕ್ಕ ಬೇರೆ. ಕೆಂಪು ಬಾಳೆಹಣ್ಣಿನ ಕಮಲಾಪುರ ಇಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಆ ತಾಲ್ಲೂಕಿನ ಒಂದು ಹಳ್ಳಿಯವನು ಮಕ್ಕಳ ಶಾಲೆಗೆಂದು ರೋಜಾದಲ್ಲಿ ಬಾಡಿಗೆ ಮನೆ ಹಿಡಿದನೆನ್ನಿ. ಹಳ್ಳಿಯಲ್ಲಿದ್ದಾಗ ಅವನ ಹೆಸರಿಗೆ ಒಂದು ಸಭೆ ಇತ್ತು. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಮತ್ತು ಗ್ರಾಮಸಭೆ ಸೇರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು, ಯಾರೂ ನೇಮಿಸಬೇಕಾಗಿಲ್ಲ. ಮನೆ ಯಾರಿಗೆ ಮಂಜೂರಾಗಬೇಕು ಎಂಬ ಪಟ್ಟಿ ಅಲ್ಲಿ ಓದಬೇಕು. ಕೋರಂ ಲೆಕ್ಕದಲ್ಲಿ ನೂರಕ್ಕೆ ಮೂವತ್ತರಷ್ಟು ಹೆಂಗಸರು ಇರಬೇಕು. ಇದೆಲ್ಲ ಪುಸ್ತಕದಲ್ಲಿರುವಷ್ಟು ಚಂದ ನಡೆಯುತ್ತದೆಂದು ನಾನು ಹೇಳಲಾರೆ. ರಿಜಿಸ್ಟರನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಂಡು ಸಭೆ “ನಡೆಸಿದ” ಕಥೆ ಹಳ್ಳಿಗಾಡಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೂ ಎದ್ದು ನಿಂತು “ನನ್ನ ಹೆಸರ ಯಾಕ ಬಿಟ್ಟೀರಿ?” ಎನ್ನಲು ಅವನಿಗೊಂದು ಜಾಗವಿತ್ತು. ಬಸ್ ಹತ್ತಿ ಒಂದು ತಾಸಿನಲ್ಲಿ ನಗರಕ್ಕೆ ಬಂದದ್ದೇ ಆ ಜಾಗ ಹೋಯಿತು. ನಗರದವನಾದ ಮೇಲೆ ಅವನ ಕೈಯಲ್ಲಿ ಉಳಿದದ್ದು ಅರ್ಜಿ ಮತ್ತು ಪರಿಚಯದವರ ಮೊಬೈಲ್ ನಂಬರ್.

ಹೆಂಗಸರ ಪಾಡು ಇನ್ನೂ ಬಿಗಿ. ನಳದ ನೀರು ಯಾವ ಹೊತ್ತಿಗೆ ಬಂದರೆ ಅನುಕೂಲ ಎಂಬುದು ಮನೆಯಲ್ಲಿ ಅವರಿಗಲ್ಲದೆ ಮತ್ತಾರಿಗೂ ಸರಿಯಾಗಿ ಗೊತ್ತಿಲ್ಲ. ಆ ವಿಷಯ ಚರ್ಚೆಯಾಗುವುದು ಮಾತ್ರ ಅವರು ಕಾಲಿಡದ ಚಹಾದಂಗಡಿಯಲ್ಲಿ. ಸಮಿತಿಯಲ್ಲಿ ಮೂರು ಸ್ಥಾನ ಕೊಟ್ಟು, ಸಭೆಯನ್ನು ಅಡುಗೆಯ ಹೊತ್ತಿಗೆ ಕರೆದರೆ ಆ ಮೂರು ಕುರ್ಚಿಗಳ ಮೇಲೆ ಮೂವರು ಗಂಡಂದಿರು ಕೂತಿರುತ್ತಾರೆ. ಇದನ್ನೂ ನಾವು ಪಂಚಾಯಿತಿಗಳಲ್ಲಿ ನೋಡಿದ್ದೇವೆ.

ದುಡಿಯಲು, ಓದಲು ನಮ್ಮವರು ರೈಲು ಹತ್ತುವ ಪುಣೆಯಲ್ಲಿ 2006–07ರಿಂದ ಒಂದು ಪದ್ಧತಿ ಇದೆ. ವಾರ್ಡ್ ಕಚೇರಿಯಲ್ಲಿ ಸಿಗುವ ಫಾರಂನಲ್ಲಿ ನಿವಾಸಿಗಳು ತಮ್ಮ ಓಣಿಗೆ ಬೇಕಾದ ಸಣ್ಣ ಕೆಲಸ ಬರೆದುಕೊಡುತ್ತಾರೆ. ಪಾದಚಾರಿ ಮಾರ್ಗ, ಬೀದಿದೀಪ, ಕೂರುವ ಬೆಂಚು, ಇಂಥವು. ಆಯ್ಕೆಯಾದವು ಪಾಲಿಕೆಯ ಬಜೆಟ್ ಸೇರುತ್ತವೆ. ಬರೆದುಕೊಟ್ಟಿದ್ದೆಲ್ಲ ಆಗುವುದಿಲ್ಲ, ಮಹಾನಗರದ ದುಡ್ಡಿನ ಎದುರು ಆ ಮೊತ್ತವೂ ಚಿಕ್ಕದು. ಆದರೆ ಮಿಕ್ಸರ್ ಬರುವುದಕ್ಕಿಂತ ಮುಂಚೆಯೇ ಕೇಳಿದಂತಾಯಿತಲ್ಲ, ಅಷ್ಟು ಸಾಕು. ನಮ್ಮಲ್ಲೂ ಅದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ.

ಮೊನ್ನೆ ಚಾಚಾರ ಮನೆಗೆ ಹೋದಾಗ ಪಕ್ಕದ ಗಲ್ಲಿಯಲ್ಲಿ ಜಲ್ಲಿ ಬಂದು ಬಿದ್ದಿತ್ತು. ಅವರ ಸೊಸೆ ಓದಿಕೊಂಡವಳು. ತೆರಿಗೆ ರಸೀದಿ ಹುಡುಕಿ ವಾರ್ಡ್ ನಂಬರ್ ಗುರುತು ಹಾಕಿಕೊಂಡಿದ್ದಳು. ಮಾಹಿತಿ ಹಕ್ಕಿನ ಅರ್ಜಿ ಬರೆಯಬೇಕು, ಏನೇನು ಕೇಳಲಿ ಅಂಕಲ್ ಎಂದಳು. ಮೂರೇ ಸಾಲು ಸಾಕಮ್ಮ ಎಂದೆ: ನಮ್ಮ ವಾರ್ಡ್ ಸಮಿತಿಯ ಸದಸ್ಯರ ಹೆಸರು, ಅವರು ಸಭೆ ಸೇರಿದ ದಿನಾಂಕಗಳು, ಈ ವರ್ಷ ವಾರ್ಡಿಗೆ ಮಂಜೂರಾದ ಕೆಲಸಗಳ ಪಟ್ಟಿ. ನಾಲ್ಕನೆಯದನ್ನು ಚಾಚಾ ಸೇರಿಸಿದರು: ಹೊಸ ರಸ್ತೆ ಎಷ್ಟು ಎತ್ತರ ಇರ್ತದ, ಅದನ್ನೂ ಕೇಳು.

ನೀವೂ ಬರೆಯಿರಿ. ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನ.