ಬಲಾಢ್ಯನ ಮೈತ್ರಿ

ಬೆಳಗಾವಿ ಜಿಲ್ಲೆಯ ಪಾಲಬಾವಿಯ ಸುತ್ತಣ ರಾಯಬಾಗ ಸೀಮೆಯು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದು, ನೆರೆಯ ಚಿಕ್ಕೋಡಿಯು ಅದಕ್ಕಿಂತ ನೂರಿಪ್ಪತ್ತು ವರ್ಷ ಮೊದಲೇ ಆಂಗ್ಲರ ಕೈಸೇರಿದ ಬಗೆಯನ್ನು ವಿಚಾರಿಸಹೊರಟವನಿಗೆ, ಮಹಾಶಕ್ತಿಯೊಂದರ ಮಿತ್ರನಾಗಿ ಬಾಳುವುದೆಂದರೆ ಏನೆಂಬುದು ಆ ಗಡಿಯಲ್ಲಿಯೇ ಗೋಚರಿಸುತ್ತದೆ. 1817ರಲ್ಲಿ ಪೇಶ್ವೆ ಎರಡನೆಯ ಬಾಜೀರಾಯನಿಗೂ ಕಂಪನಿ ಸರಕಾರಕ್ಕೂ ಯುದ್ಧ ಒದಗಿದಾಗ ಕೊಲ್ಲಾಪುರದ ಅರಸನು ಆಂಗ್ಲರ ಪಕ್ಷವನ್ನು ವಹಿಸಿದನು. ನಿಪ್ಪಾಣಿಯ ದೇಸಾಯಿಯು ಹಿಂದೆ ಕಿತ್ತುಕೊಂಡಿದ್ದ ಚಿಕ್ಕೋಡಿ ಮತ್ತು ಮುನವಳ್ಳಿಯ ಸೀಮೆಗಳು ಪಾರಿತೋಷಕವಾಗಿ ಆ ಅರಸನಿಗೆ ದೊರೆತವು. 1827ರ ಒಪ್ಪಂದದಲ್ಲಿ ಅವೇ ಸೀಮೆಗಳನ್ನು ಕಂಪನಿಯು ತಾನೇ ಪಡೆದುಕೊಂಡಿತು. ಕೊಲ್ಲಾಪುರದ ಆಗಿನ ಅರಸನಾದ ಶಹಾಜಿ ಮಹಾರಾಜನ ಉದ್ಧಟತನವೇ ಕಾರಣವೆಂದು ಆಂಗ್ಲರು ಬರೆದಿಟ್ಟಿದ್ದಾರೆ. ಆತನ ನಡತೆ ಸಾಧುವಾಗಿತ್ತೆಂದು ವಾದಿಸುವ ಧೈರ್ಯ ನನಗೂ ಇಲ್ಲ.

ಆದರೆ ಕಿತ್ತೂರಿನ ದೇಸಾಯಿಯಲ್ಲಿ ಅಂತಹ ದೋಷವಾವುದಿತ್ತು? 1818ರಲ್ಲಿ ಬೆಳಗಾವಿಯ ಕೋಟೆಯನ್ನು ಮುತ್ತಿದ ಥಾಮಸ್ ಮನ್ರೋನಿಗೆ ನೆರವಾಗಿ ಸನದು ಪಡೆದ ಶಿವಲಿಂಗರುದ್ರಸರ್ಜನು 1824ರ ಸಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಧಾರವಾಡದ ಕಲೆಕ್ಟರ ಥ್ಯಾಕರೆಯು ದತ್ತಕವನ್ನು ಒಪ್ಪದೆ ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆ ಒತ್ತಿಸಿದನು. ಆರೇ ವರ್ಷಗಳಲ್ಲಿ ಆ ನೆರವು ಯಾರಿಗೂ ನೆನಪಿರಲಿಲ್ಲ. ಇದನ್ನು ಕೃತಘ್ನತೆಯೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ಮಿತ್ರನ ಬೆಲೆಯು ಅವನ ನಿಷ್ಠೆಯಲ್ಲಿರದೆ ಬಲಾಢ್ಯನಿಗಿರುವ ಮೂರನೆಯವನ ಭಯದಲ್ಲಿ ಇರುತ್ತದೆಂಬುದೂ, ಪೇಶ್ವೆಯನ್ನು ಉರುಳಿಸಲು ಕೈಜೋಡಿಸಿದ ಈ ಅರಸರು ತಮ್ಮ ಬೆಲೆಯ ಆಧಾರಸ್ತಂಭವನ್ನೇ ತಾವಾಗಿ ಕೆಡವಿದರೆಂಬುದೂ ನನ್ನ ಅಭಿಪ್ರಾಯ. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು, ತನಗಿಂತ ಬಲಿಷ್ಠನ ಸಂಗವು ಅರಸನಿಗೆ ಮಹಾದೋಷವೆಂದೂ, ಆ ಬಲಿಷ್ಠನು ಶತ್ರುವಿನೊಡನೆ ಸೆಣಸುತ್ತಿರುವಾಗ ಮಾತ್ರ ಇದಕ್ಕೆ ಅಪವಾದವುಂಟೆಂದೂ ಹೇಳಿರುವನು. ಕಿತ್ತೂರಿನ ದುರ್ದೈವಕ್ಕೆ ಆ ಗ್ರಂಥದ ತಾಳೆಗರಿಗಳು ಆಗಿನ್ನೂ ಕತ್ತಲಲ್ಲಿದ್ದವು!

1857ರ ದಂಗೆಯಲ್ಲಿ ನಡುಗಿದ ಮೇಲೆ ಅದೇ ಆಂಗ್ಲರು 1862ರಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಉದಾರವಾಗಿ ಹಂಚಿದರು. ನಾಲ್ಕು ವರ್ಷ ಹಿಂದೆ ನರಗುಂದದ ಭಾಸ್ಕರರಾಯನು ಶಸ್ತ್ರ ಹಿಡಿದುದಕ್ಕೆ ಆ ಹಕ್ಕಿನ ನಿರಾಕರಣೆಯೂ ಒಂದು ಕಾರಣವಾಗಿತ್ತು. ಆಂಗ್ಲರು ಸನದುಗಳನ್ನು ಹಂಚಿದುದು ಧರ್ಮಬುದ್ಧಿ ಹುಟ್ಟಿದುದರಿಂದಲ್ಲ, ಮಿತ್ರರು ಮತ್ತೆ ಬೇಕಾದುದರಿಂದ.

ಹಾಗೆಂದು ಆಶ್ರಿತನದು ಬರಿಯ ನಷ್ಟವೆನ್ನಲಾಗದು. ಆ ನೆರಳಿನಲ್ಲಿಯೇ ಉಳಿದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ನೂರಕ್ಕೆ ಐವತ್ತು ಹುದ್ದೆಗಳನ್ನು ಕಾದಿರಿಸಿದರು. ಕಂಪನಿಯ ವಾರಸುದಾರರು ನೇರವಾಗಿ ಆಳುತ್ತಿದ್ದ ಚಿಕ್ಕೋಡಿಗೆ ಆಗ ಅಂತಹ ಆಜ್ಞೆ ಬರಲಿಲ್ಲ. ಬಲಾಢ್ಯನ ಗಮನ ತನ್ನ ಮೇಲಿಲ್ಲದ ವೇಳೆಯನ್ನು ಬಳಸಬಲ್ಲವನೇ ಜಾಣ ಮಿತ್ರ.

1949ರ ಮಾರ್ಚ್ 1ರಂದು ಕೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇನ್ನೊಬ್ಬ ಬಲಾಢ್ಯನ ಮೈತ್ರಿಯೂ ಆಗಲೇ ಆರಂಭವಾಯಿತು: ಮರುತಿಂಗಳು 4ರಂದು ಅಮೆರಿಕವೂ ಸೇರಿ ಹನ್ನೆರಡು ರಾಷ್ಟ್ರಗಳು ವಾಷಿಂಗ್ಟನ್ನಿನಲ್ಲಿ ನೇಟೋ ಒಪ್ಪಂದಕ್ಕೆ ಸಹಿಹಾಕಿದವು. 1956ರಲ್ಲಿ ಸುಯೆಜ್‌ನಿಂದ ಹಿಂದೆಗೆಯುವಂತೆ ಅಮೆರಿಕವು ಒತ್ತಾಯಿಸಿದಾಗ ಬ್ರಿಟನ್ ತಲೆಬಾಗಿ ಇನ್ನಷ್ಟು ಅಂಟಿಕೊಂಡಿತು. ಫ್ರಾನ್ಸಿನ ದ'ಗಾಲ್ ಮಾತ್ರ ಸ್ವಂತ ಅಣ್ವಸ್ತ್ರವನ್ನು ಸಿದ್ಧಪಡಿಸಿಕೊಂಡು, 1966ರಲ್ಲಿ ನೇಟೋದ ಸಂಯುಕ್ತ ಸೇನಾಧಿಪತ್ಯದಿಂದ ಹೊರನಡೆದನು. 1991ರಲ್ಲಿ ಸೋವಿಯತ್ ಒಕ್ಕೂಟವು ಕರಗಿದಾಗ ಐರೋಪ್ಯ ರಾಜಧಾನಿಗಳು ಉತ್ಸವವನ್ನಾಚರಿಸಿದುದು ಸಹಜವೇ. ಅಮೆರಿಕದ ಚಿಂತೆ ಚೀನದ ಕಡೆಗೆ ತಿರುಗಿರುವ ಈ ದಿನಗಳಲ್ಲಿ, ಅದರ ಅಧ್ಯಕ್ಷರ ಒಂದೊಂದು ಮಾತನ್ನೂ ಆ ರಾಜಧಾನಿಗಳು ತೂಗಿನೋಡುತ್ತಿವೆ. ತೂಗಬೇಕಾದುದು ಆ ಮಾತನ್ನಲ್ಲ, ಅಮೆರಿಕಕ್ಕೆ ಈಗ ಯಾರ ಭಯವಿದೆಯೆಂಬುದನ್ನು.