ಆರೈಕೆ: ಸೇವೆಯೋ, ಕೆಲಸವೋ?

ವಿಕಲಚೇತನರ ಆರೈಕೆಯನ್ನು ಸ್ಥಳೀಯ ಮಾಧ್ಯಮಗಳು ಸೇವೆಯೆಂದು ಹೊಗಳಬೇಕೋ, ಉದ್ಯೋಗವೆಂದು ಪರಿಚಯಿಸಬೇಕೋ ಎಂಬುದು ಈ ಸಂವಾದದ ವಿಷಯ. ಮಾತನಾಡುವವರು ಹೊಸಪೇಟೆಯ ವರದಿಗಾರ, ಕಂಪ್ಲಿ ಕಡೆಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಇಬ್ಬರೂ ಕಲ್ಪಿತರು, ಅವರು ಹೇಳುವ ವ್ಯವಸ್ಥೆ ಇರುವಂಥದ್ದೇ.

ವರದಿಗಾರ: ಡಿಸೆಂಬರ್ 3ರಂದು ವಿಕಲಚೇತನರ ದಿನಕ್ಕೆ ವಿಶೇಷ ಲೇಖನ ಮಾಡುತ್ತೇವೆ ಅಕ್ಕಾ. ಆರೈಕೆ ಮಾಡುವವರನ್ನು ತ್ಯಾಗಮಯಿ ಎಂದು ಬರೆಯುತ್ತೇವೆ. ಅದನ್ನು ಓದಿ ಹುಡುಗರು ಈ ಕಡೆ ಬರುವುದಿಲ್ಲವೇ?

ಕಾರ್ಯಕರ್ತೆ: ಓದಿ ಕೈಮುಗಿಯುತ್ತಾರೆ ಸರ್, ಬರುವುದಿಲ್ಲ. ತ್ಯಾಗ ಎಂದ ಮೇಲೆ ಸಂಬಳ ಕೇಳಲು ಬಾಯಿ ಬರುತ್ತದೆಯೇ? ನಮಗೆ ಸಿಗುವುದಕ್ಕೂ ಗೌರವಧನ ಎಂದೇ ಹೆಸರು.

ವರದಿಗಾರ: ಅಂತಃಕರಣವಿಲ್ಲದೆ ಬರೀ ಸಂಬಳಕ್ಕೆ ಮಾಡಿದರೆ ಆರೈಕೆ ಆರೈಕೆಯಾಗಿ ಉಳಿಯುತ್ತದೆಯೇ? ಹೆತ್ತ ತಾಯಿ ಮಾಡಿದಂತೆ ಬೇರೆಯವರು ಮಾಡಲಾರರು.

ಕಾರ್ಯಕರ್ತೆ: ಸಂಡೂರು ಕಡೆ ಲಾರಿ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಒಬ್ಬ ಹುಡುಗ ಎಂದುಕೊಳ್ಳಿ. ಸೊಂಟದ ಕೆಳಗೆ ಸ್ಪರ್ಶವಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ; ನೋವು ಅವನಿಗೆ ತಿಳಿಯುವುದೇ ಇಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ದಿನಾ ಹಿಮ್ಮಡಿ, ಟೊಂಕ ನೋಡಬೇಕು. ತಾಯಿಗೆ ಪ್ರೀತಿ ಕಡಿಮೆ ಇರುವುದಿಲ್ಲ ಸರ್, ಹೇಳಿಕೊಡುವವರು ಇರುವುದಿಲ್ಲ. ಪ್ರೀತಿ ಇದೆ ಎಂದು ಹುಣ್ಣು ಬಿಡುತ್ತದೆಯೇ?

ಈ ಮಾತಿನ ಹಿಂದೆ ಒಂದು ವ್ಯವಸ್ಥೆಯಿದೆ. ರಾಜ್ಯದ ಯೋಜನೆಯಂತೆ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರುತ್ತಾರೆ. ಇವರನ್ನು ವಿಕಲಚೇತನರಿಂದಲೇ ಆರಿಸಲಾಗುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಮಾಸಾಶನ, ಸಾಧನ ಸಲಕರಣೆಗಳಿಗೆ ಓಡಾಡುವವರು ಇವರೇ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. 1995ರ ಕಾಯ್ದೆ 7 ಬಗೆಯ ವೈಕಲ್ಯವನ್ನು ಗುರುತಿಸಿತ್ತು, 2016ರ ಕಾಯ್ದೆ 21 ಬಗೆಯನ್ನು ಗುರುತಿಸಿತು. ವಿಶೇಷ ಶಿಕ್ಷಕರು, ಮಾತು ಕಲಿಸುವವರು, ಫಿಸಿಯೋಥೆರಪಿ ಮಾಡುವವರು, ಹೀಗೆ ಬೇಕಾದ ಕೈಗಳೂ ಬಗೆಬಗೆಯವು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇಂಥ ಕೆಲಸಗಳಿಗೆ ಓದು ಇದೆ ಎಂಬುದು ಪಿಯುಸಿ ಮುಗಿಸಿದ ಎಷ್ಟೋ ಮಕ್ಕಳ ಕಿವಿಗೆ ಬಿದ್ದಿರುವುದಿಲ್ಲ.

ವರದಿಗಾರ: ವಿಕಲಚೇತನರನ್ನೇ ಕಾರ್ಯಕರ್ತರಾಗಿ ಆರಿಸುತ್ತಾರೆ ಅಂದರೆ ಆರೈಕೆ ಪಡೆಯುವವರೇ ಕೊಡುವವರೂ ಹೌದು. ನಮ್ಮ ಫೋಟೊದಲ್ಲಿ ಅವರು ತ್ರಿಚಕ್ರ ವಾಹನ ಪಡೆಯುವವರಾಗಿಯೇ ಬರುತ್ತಾರೆ.

ಕಾರ್ಯಕರ್ತೆ: ಕೆಲಸದಲ್ಲಿರುವಾಗ ಫೋಟೊ ತೆಗೆಯಿರಿ. ಆಕಾಶವಾಣಿ ಹೊಸಪೇಟೆಯೂ ಇದೆಯಲ್ಲ. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅತ್ತ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲಾ ಕಚೇರಿ ಎರಡಾದರೂ ಕೇಳುವ ರೇಡಿಯೊ ಒಂದೇ. ಹೊಲದಲ್ಲಿರುವವರಿಗೆ, ಕಣ್ಣು ಕಾಣದವರಿಗೆ ಪತ್ರಿಕೆಗಿಂತ ಅದು ಹತ್ತಿರ.

ವರದಿಗಾರ: ಕಿವಿ ಕೇಳದವರಿಗೆ?

ಕಾರ್ಯಕರ್ತೆ: ಅವರಿಗೆ ವಿಡಿಯೊ ಬೇಕು, ಅದರಲ್ಲಿ ಸಂಜ್ಞಾಭಾಷೆ ಬಲ್ಲವರೊಬ್ಬರು ಇರಬೇಕು. ಸುದ್ದಿ ಮುಟ್ಟಿಸಲು ಹೊರಟಲ್ಲೇ ಒಂದು ಉದ್ಯೋಗ ಹುಟ್ಟಿತು ನೋಡಿ. ಹಂಪಿಯ ಗೈಡುಗಳು ಸಂಜ್ಞಾಭಾಷೆ ಕಲಿತರೆ ಅದೂ ಇದೇ ಸಾಲಿನ ಕೆಲಸ.

ವರದಿಗಾರ: ರೇಡಿಯೊದ ಮೊದಲ ಕಾರ್ಯಕ್ರಮದಲ್ಲಿ ಏನಿರಲಿ?

ಕಾರ್ಯಕರ್ತೆ: ಒಬ್ಬರ ಒಂದು ದಿನ. ಎಷ್ಟು ಮನೆಗೆ ಹೋದರು, ಯಾರಿಗೆ ಏನು ಕಲಿಸಿದರು, ಎಲ್ಲಿ ಕೈಲಾಗಲಿಲ್ಲ. ಎಷ್ಟು ಓದಿರಬೇಕು, ಅರ್ಜಿ ಎಲ್ಲಿ ಕೊಡಬೇಕು, ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ.

ವರದಿಗಾರ: ಕಡಿಮೆ ಎಂದು ತಿಳಿದರೆ ಯಾರು ಬರುತ್ತಾರೆ ಅಕ್ಕಾ?

ಕಾರ್ಯಕರ್ತೆ: ಮುಚ್ಚಿಟ್ಟರೆ ಬಂದವರು ಆರು ತಿಂಗಳಿಗೆ ಬಿಟ್ಟು ಹೋಗುತ್ತಾರೆ. ಬೆನ್ನುಹುರಿಗೆ ಪೆಟ್ಟಾದ ಆ ಹುಡುಗ ಮತ್ತೆ ಹೊಸಬರ ಮುಂದೆ ಬಟ್ಟೆ ಸರಿಸಿ ಹುಣ್ಣು ತೋರಿಸಬೇಕು. ಇದ್ದದ್ದು ಇದ್ದಂತೆ ಹೇಳಿ ಸರ್. ಗೌರವಧನ ಕೊಡುವ ಇಲಾಖೆಯವರೂ ರೇಡಿಯೊ ಕೇಳುತ್ತಾರೆ.