ಬೇರೊಬ್ಬರ ಅಡುಗೆಮನೆ

ನಮ್ಮ ಮಹಿಳಾ ಸಂಘದ ಉಳಿತಾಯದ ಲೆಕ್ಕಕ್ಕೆ ಪೈಥಾನ್ ಭಾಷೆಯಲ್ಲಿ ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ನನ್ನ ಹಳೆಯ ಕಂಪ್ಯೂಟರಿಗೆ 11 ಹೊಂದುವುದಿಲ್ಲ. ಮಗಳು ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟು, "ಇನ್ನು ನಿನ್ನ ಮನೆ ನೀನೇ ಜೋಡಿಸ್ಕೋ ಅಮ್ಮಾ" ಎಂದು ಬೆಂಗಳೂರಿಗೆ ಹೊರಟಳು.

ಹೊಸ ಸೊಸೆಯ ಪಾಡೇ ನನ್ನದಾಯಿತು. ಅಕ್ಕಿ ಅದೇ, ಉಪ್ಪು ಅದೇ. ಡಬ್ಬಿ ಎಲ್ಲಿದೆಯೋ ತಿಳಿಯದು. ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬಿದ್ದರೂ ಸಣ್ಣಕ್ಷರ ಬಿದ್ದರೂ ವಿಂಡೋಸ್ ಹೊಂದಿಕೊಂಡು ಹೋಗುತ್ತಿತ್ತು. ಇಲ್ಲಿ ಒಂದಕ್ಷರ ತಪ್ಪಿದರೂ ಅಂಥ ಫೈಲೇ ಇಲ್ಲವೆನ್ನುತ್ತದೆ. ಪಾಸ್‌ವರ್ಡ್ ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದು.

ಎಕ್ಸೆಲ್ ಹಾಳೆ ಓದಲು ಓಪನ್‌ಪೈಎಕ್ಸೆಲ್ ಬೇಕಿತ್ತು. ಪಿಪ್‌ನಿಂದ ಹಾಕಹೋದರೆ ಅದು ಒಪ್ಪಲಿಲ್ಲ. ಇಲ್ಲಿರುವ ಪೈಥಾನನ್ನು ವ್ಯವಸ್ಥೆಯೇ ನೋಡಿಕೊಳ್ಳುತ್ತಿದೆ, ಅದರಲ್ಲಿ ಕೈಯಾಡಿಸಿದರೆ ಅದನ್ನು ನೆಚ್ಚಿದ ಬೇರೆ ಕೆಲಸಗಳು ಕೆಟ್ಟಾವು ಎಂಬರ್ಥದ ಎಚ್ಚರಿಕೆ. ಆ ಎಚ್ಚರಿಕೆಯನ್ನು ಮೀರುವ ದಾರಿಯನ್ನೂ ಅದೇ ಹೇಳಿತ್ತು. ಯಂತ್ರ ನನ್ನದು, ಪಾಸ್‌ವರ್ಡ್ ನನ್ನದು. ಮುಂದಾದ ಬೆರಳು ಯಾಕೋ ನಿಂತಿತು.

ಮದುವೆಯಾದ ಹೊಸತರಲ್ಲಿ ಅತ್ತೆ, "ಇನ್ನು ಅಡುಗೆಮನೆ ನಿನ್ನದಮ್ಮಾ" ಎಂದಿದ್ದರು. ಒಂದು ಮಧ್ಯಾಹ್ನ ಡಬ್ಬಿಗಳನ್ನೆಲ್ಲ ನನಗೆ ಚೆಂದ ಕಂಡಂತೆ ಜೋಡಿಸಿದೆ. ಅವರ ಕಣ್ಣು ಮಂಜಾಗಿತ್ತು, ಕೈಯಂದಾಜಿನಲ್ಲೇ ಎಲ್ಲ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಮರುದಿನ ಅವರ ಕಾಫಿಗೆ ಸಕ್ಕರೆಯ ಬದಲು ಉಪ್ಪು ಬಿತ್ತು. ಬೈಯಲಿಲ್ಲ, ಆಮೇಲೆ ಒಲೆಯ ಹತ್ತಿರ ಬರುವುದನ್ನೇ ಬಿಟ್ಟರು.

ಅಧಿಕಾರವಿದೆ ಎಂಬುದೊಂದೇ ಮಾಡಿಬಿಡಲು ಕಾರಣವಾದೀತೆ? ಮಾಡಬಹುದು ಎಂದಷ್ಟೇ ಅಧಿಕಾರ ಹೇಳುತ್ತದೆ. ಇದ್ದ ಜೋಡಣೆಯನ್ನು ಯಾರು ನೆಚ್ಚಿಕೊಂಡಿದ್ದಾರೆ ಎಂಬುದನ್ನು ನಾವೇ ಕೇಳಿ ತಿಳಿಯಬೇಕು. ಹಾಗೆಂದು ಏನನ್ನೂ ಮುಟ್ಟದೆ ಕುಳಿತರೆ ಸಂಘದ ಲೆಕ್ಕವೂ ನಡೆಯದು, ಸಂಸಾರವೂ ನಡೆಯದು.

ಎಚ್ಚರಿಕೆಯನ್ನು ಮತ್ತೆ ಓದಿದೆ. ಇನ್ನೊಂದು ದಾರಿಯೂ ಅಲ್ಲಿತ್ತು: ವರ್ಚುವಲ್ ಎನ್ವಿರಾನ್‌ಮೆಂಟ್. ನನ್ನ ಪ್ರೋಗ್ರಾಮಿಗೆಂದೇ ಒಂದು ಬೇರೆ ಕಪಾಟು; ಅದರೊಳಗೆ ಏನಿಟ್ಟರೂ ಹೊರಗಿನದು ಅಲುಗದು. ಹತ್ತು ನಿಮಿಷದಲ್ಲಿ ಆಯಿತು, ಲೆಕ್ಕವೂ ಸರಿಬಂತು.

ಅತ್ತೆಯ ಡಬ್ಬಿಗಳನ್ನು ಇದ್ದಲ್ಲೇ ಬಿಟ್ಟು, ನನಗೊಂದು ಗೂಡು ಮಾಡಿಕೊಳ್ಳಲು ಅಂದೂ ಅಷ್ಟೇ ಹೊತ್ತು ಸಾಕಿತ್ತು.